ಕೋಲ್ಡ್ ರೂಮಿನಲ್ಲಿ ಎರಡು ಮುಚ್ಚಳ

"ಹಾಗಾಗೋಕೆ ಸಾಧ್ಯವೇ ಇಲ್ಲ" ಎಂದವಳು ಶಾಲಿನಿ. "ಈ ಬಿಲ್ಡಿಂಗಲ್ಲಿ ಒಂದು ಇಲಿನೂ ಇಲ್ಲ ಯಾರ್. ನಿದ್ದೆಗೆಟ್ಟು ತಲೆ ಕೆಟ್ಟಿದೆ ನಿಂಗೆ" ಎಂದು ನಕ್ಕಳು. ನಗಲಿ. ಅದು ನಡೆದಿದೆ, ನನ್ನ ಎಡಗೈಯ ಮೇಲೆಯೇ ನಡೆದಿದೆ. ಅವಳಿಗೆ ಹೇಳಿದ್ದು ಅರ್ಧ ಮಾತ್ರ.

ಮೆಟ್ರೋ ಇನ್ನೂ ದೆಹಲಿಯ ಹೌಜ್ ಖಾಸ್ ಮುಟ್ಟಿರದ ಕಾಲ. ಅಲ್ಲಿನ ಒಂದು ಲ್ಯಾಬಿನಲ್ಲಿ ನಾವಿಬ್ಬರೂ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೆವು. ಇಬ್ಬರೂ ಕನ್ನಡದವರೇ. ಅವಳಪ್ಪ ಕೇಂದ್ರ ಸರ್ಕಾರದ ದೊಡ್ಡ ಅಧಿಕಾರಿ. ನನ್ನಪ್ಪ ಅಂಥದೇ ಒಂದು ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವ ಪ್ಯೂನ್. ಅವಳು ಕಾರಿನಲ್ಲಿ ಬರುತ್ತಿದ್ದಳು. ನಾನು ಘಾಜಿಯಾಬಾದಿನಿಂದ ಎರಡು ಬಸ್ಸು ಬದಲಿಸಿ, ನಿಂತೇ ನೋಟ್ಸ್ ಓದುತ್ತ ಬರುತ್ತಿದ್ದೆ. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹೇಳಿಕೊಳ್ಳಲು ಸಂಕೋಚವಿಲ್ಲ.

ನಾವು ಮಾಡಬೇಕಿದ್ದದ್ದು ಇಲಿಯ ಒಂದು ಪ್ರೋಟೀನ್. ಜೀವಕೋಶದೊಳಗೆ ಕೂತು ಹಾರ್ಮೋನಿನ ಕರೆಗೆ ಓಗೊಡುವ ನ್ಯೂಕ್ಲಿಯರ್ ರಿಸೆಪ್ಟರ್. ಅದಕ್ಕೆ ಇಲಿಯೇ ಬೇಕಿಲ್ಲ. ಇಲಿಯ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಅದೇ ತಯಾರಿಸಿಕೊಡುತ್ತದೆ. ಶಾಲಿನಿಗೆ ಪ್ರತಿ ಸಲವೂ ಬರುತ್ತಿತ್ತು. ನನ್ನದು ಒಡೆದ ಹಾಲಿನಂತೆ ಗಟ್ಟಿಯಾಗಿ ತಳ ಸೇರುತ್ತಿತ್ತು. ಅದೇ ಬ್ಯಾಕ್ಟೀರಿಯಾ, ಅದೇ ನೀರು! ಅವಳು ಹಾಡು ಗುನುಗುತ್ತ ಮಾಡುತ್ತಿದ್ದಳು, ನಾನು ಹಲ್ಲು ಕಚ್ಚಿಕೊಂಡು.

"ಶಾಲಿನಿ ಕೋ ದೇಖೋ" ಎನ್ನುತ್ತಿದ್ದರು ನಮ್ಮ ಸರ್. ನೋಡುತ್ತಲೇ ಇದ್ದೆನಲ್ಲ, ಹೊಟ್ಟೆ ಉರಿಯುವಷ್ಟು.

ನನಗೆ ಉಳಿದಿದ್ದ ಕೊನೆಯ ಅವಕಾಶ ಆ ಸಂಜೆಯದು. ಮರುದಿನ ಬೆಳಗಿನ ಪರೀಕ್ಷೆಯಲ್ಲಿ ಪ್ರೋಟೀನ್ ಕಾಣದಿದ್ದರೆ ಪ್ರಾಜೆಕ್ಟ್ ಇಲ್ಲ, ಡಿಗ್ರಿಯೂ ಇಲ್ಲ.

"ನನ್ನ ಟ್ಯೂಬೂ ಕೋಲ್ಡ್ ರೂಮಲ್ಲಿ ಇಟ್ಬಿಡೇ, ಪ್ಲೀಸ್. ಪಪ್ಪಾ ಕೆಳಗೆ ಕಾಯ್ತಿದ್ದಾರೆ" ಎಂದಳು ಶಾಲಿನಿ.

"ಇಡ್ತೀನಿ, ಹೋಗೇ ಮಹಾರಾಣಿ."

ಅವಳು ಹೋದಳು. ಬೇರೆ ಯಾರೂ ಇರಲಿಲ್ಲ.

ಕೋಲ್ಡ್ ರೂಮೆಂದರೆ ಆಳೆತ್ತರದ ಫ್ರಿಜ್ಜಿನೊಳಗೆ ನಿಂತ ಹಾಗೆ. ನಾಲ್ಕು ಡಿಗ್ರಿ. ಫ್ಯಾನಿನ ಗುಂಯ್ ಸದ್ದು. ಸ್ಟ್ಯಾಂಡಿನಲ್ಲಿ ಎಡಕ್ಕೆ ನನ್ನ ಟ್ಯೂಬು, ಬಲಕ್ಕೆ ಅವಳದು. ತಳ ಸೇರಿದ್ದನ್ನು ಬಿಟ್ಟು ಬಸಿದುಕೊಂಡದ್ದರಿಂದ ಎರಡರಲ್ಲೂ ನೀರಿನಂಥ ತಿಳಿ. ಹೆಸರು ಬರೆದದ್ದು ಮುಚ್ಚಳದ ಮೇಲೆ ಮಾತ್ರ. ಟ್ಯೂಬಿನ ಮೈಮೇಲೂ ಬರೆಯಿರಿ ಎಂದು ಸರ್ ಬೈದರೂ ಬಿಡದ ಚಟ.

ಮುಚ್ಚಳ ಬದಲಾದರೆ ಹೆಸರೇ ಬದಲು...

ನಾನು ಎರಡೂ ಮುಚ್ಚಳ ತೆಗೆದೆ. ಹೌದು, ತೆಗೆದೆ. ಒಂದೊಂದು ಕೈಯಲ್ಲಿ ಒಂದೊಂದು.

ಕರೆಂಟು ಹೋಯಿತು.

ಫ್ಯಾನು ನಿಂತಿತು. ಜನರೇಟರ್ ಶುರುವಾಗಲು ಸ್ವಲ್ಪ ಹೊತ್ತು ಬೇಕು, ಗೊತ್ತಿತ್ತು. ಆಗ ಮೂಗಿಗೆ ಬಡಿಯಿತು... ಒದ್ದೆ ಮರದ ಹೊಟ್ಟು, ಉಚ್ಚೆ, ಪಂಜರದ ವಾಸನೆ. ಕೆಳಗಿನ ಶೆಲ್ಫಿನಲ್ಲಿ ಕರಕರ... ಕರಕರ... ಸದ್ದು ಹತ್ತಿರ ಬಂತು.

ಆಮೇಲೆ ನನ್ನ ಎಡಗೈಯ ಮೇಲೆ ಏನೋ ಕೂತಿತು.

ಆ ಚಳಿಯಲ್ಲಿ ಅದು ಬೆಚ್ಚಗಿತ್ತು! ಸಣ್ಣ ಉಗುರುಗಳು ಚರ್ಮಕ್ಕೆ ತಾಗುತ್ತಿದ್ದವು. ಪುಟ್ಟ ಎದೆಯೊಂದು ಡಬಡಬ ಬಡಿಯುತ್ತಿತ್ತು.

"ಯಾರು..." ಎಂದೆ. ಇಲಿಯನ್ನು ಯಾರಾದರೂ ಯಾರು ಎಂದು ಕೇಳುತ್ತಾರೆಯೇ? ನಾನು ಕೇಳಿದೆ.

ಜನರೇಟರ್ ಗುಡುಗಿತು. ದೀಪ ಬಂತು.

ಕೈಮೇಲೆ ಏನೂ ಇಲ್ಲ. ಕೈಯಲ್ಲೂ ಏನೂ ಇಲ್ಲ. ಎರಡೂ ಟ್ಯೂಬುಗಳ ಮುಚ್ಚಳ ಬಿಗಿಯಾಗಿ ಮುಚ್ಚಿತ್ತು. ಸ್ಟ್ಯಾಂಡು ಅಡ್ಡಕ್ಕೆ ತಿರುಗಿತ್ತು. ಈಗ ಯಾವುದು ಎಡ, ಯಾವುದು ಬಲ?

ದೇವರಾಣೆಗೂ ನಾನು ಮುಚ್ಚಲಿಲ್ಲ.

ಬೆಳಗ್ಗೆ ಪರೀಕ್ಷೆಯ ಜೆಲ್ ಹಾಳೆಯಲ್ಲಿ ನನ್ನ ಹೆಸರಿನ ಕೆಳಗೆ ಒಂದೇ ಒಂದು ನೀಲಿ ಗೆರೆ, ಅಚ್ಚುಕಟ್ಟಾಗಿ ಮೂಡಿತ್ತು. ಶುದ್ಧ ಪ್ರೋಟೀನ್. ಶಾಲಿನಿಯ ಹೆಸರಿನ ಕೆಳಗೆ ಖಾಲಿ.

"ಅರೇ ವಾಹ್! ಪಾರ್ಟಿ ಕೊಡ್ಲೇಬೇಕು" ಎಂದು ನನ್ನನ್ನು ತಬ್ಬಿಕೊಂಡಳು. "ನಂದು ಬಿಡು, ಇನ್ನೊಂದ್ಸಲ ಮಾಡ್ಕೋತೀನಿ." ಮಾಡಿಕೊಂಡಳು ಕೂಡ, ಗುನುಗುತ್ತಲೇ. ಸೋಲನ್ನೂ ಅಷ್ಟು ಹಗುರವಾಗಿ ಹೊರುತ್ತಾಳಲ್ಲ ಎಂದು ಆಗಲೂ ನನ್ನ ಹೊಟ್ಟೆ ಉರಿಯಿತು. ಇಲಿಯ ವಿಷಯ ಅವಳಿಗೆ ಹೇಳಿದೆ. ಮುಚ್ಚಳದ ವಿಷಯ ಇವತ್ತಿನವರೆಗೂ ಹೇಳಿಲ್ಲ.

ಆಮೇಲೆ ನಾನು ಮೂರು ಸಲ ಅದೇ ಪ್ರೋಟೀನ್ ಮಾಡಿ ನೋಡಿದೆ. ಮೂರು ಸಲವೂ ತಳ ಸೇರಿತು.

ಘಟಿಕೋತ್ಸವದ ಸಂಜೆ ಸರ್ಟಿಫಿಕೇಟನ್ನು ಅಮ್ಮನ ಕೈಗಿಟ್ಟೆ. ಓದು ಬಾರದ ಅಮ್ಮ ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು ಅದನ್ನು ಹಿಡಿದಳು. ಬಹಳ ಹೊತ್ತು ನೋಡಿದಳು.

"ಇಷ್ಟೊಂದು ಅಕ್ಷರದಾಗೆ ನಿನ್ನ ಹೆಸರು ಯಾವುದೇ ಮಂಗಳಾ? ಬೆರಳಿಟ್ಟು ತೋರಿಸು."