ಸರ್ ತಲೆಯ ಮೇಲಿನ ಅಟ್ಟ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಸರ್ ತಮ್ಮ ಮನೆಯ ಅಟ್ಟವನ್ನು ಪಾಠಕ್ಕೆ ಎಳೆದು ತಂದರು. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಕಾಲೇಜು ಮುಚ್ಚಿದ್ದ ಕಾಲ. ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೆ. ಸರ್ ಕಲಬುರಗಿಯ ಬ್ರಹ್ಮಪುರದ ಹಳೆಯ ಮನೆಯಿಂದ ಆನ್‌ಲೈನ್ ಪಾಠ ಮಾಡುತ್ತಿದ್ದರು. ನಾನು ಕಮಲಾಪುರದಲ್ಲಿ, ನಮ್ಮ ಬಾಳೆತೋಟದ ಪಂಪಿನ ಮನೆಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ.

ಅಂದಿನ ಪಾಠ, ಭಾರ ಬಿದ್ದಾಗ ತೊಲೆ ಹೇಗೆ ಬಾಗುತ್ತದೆ ಎಂಬುದು. ಸರ್ ಹಿಂದಿನ ದಿನವೇ ಮನೆಯ ಹಿತ್ತಾಳೆ ಹಂಡೆ, ಕೊಡ, ಪುಸ್ತಕದ ಚೀಲಗಳನ್ನೆಲ್ಲ ಅಟ್ಟಕ್ಕೇರಿಸಿದ್ದರು.

"ನೋಡ್ರಿ, ಶಹಾಬಾದಿ ಪರಸಿ. ನಮ್ಮ ಮುತ್ಯಾ ಹಾಕಿಸಿದ್ದು. ಇದಕ್ಕ ಏನೂ ಆಗಂಗಿಲ್ಲ" ಎಂದು ಅದರ ಕೆಳಗೇ ಹೋಗಿ ನಿಂತರು.

ಆ ಪರಸಿ ಚಪ್ಪಡಿಕಲ್ಲಿನ ನಡುವೆ ಕೂದಲೆಳೆಯಂಥ ಬಿರುಕು ನಮಗೆಲ್ಲ ಕಾಣುತ್ತಿತ್ತು. ಅದು ನೋಡುತ್ತಿದ್ದಂತೆ ಉದ್ದವಾಯಿತು. ಸರ್ ಭುಜದ ಮೇಲೆ ಪುಡಿ ಉದುರಿತು. ಸುಣ್ಣದಕಡ್ಡಿಯ ಧೂಳೆಂದುಕೊಂಡು ಕೊಡವಿಕೊಂಡರು.

ಗದ್ದಲ ಆಗದಿರಲೆಂದು ಅವರು ಎಲ್ಲರ ಮೈಕ್ ಬಂದ್ ಮಾಡಿರುತ್ತಿದ್ದರು. ನಾವು ಒಬ್ಬೊಬ್ಬರಾಗಿ ತೆರೆಯ ಮೇಲೆ ಕೈ ಎತ್ತಿದೆವು. ಸರ್ ಮುಖ ಅರಳಿತು.

"ಅಬಬಬ! ಇಷ್ಟ ಮಂದಿಗಿ ಡೌಟ್ ಬಂದದ್ದು ಇದೇ ಮೊದಲು. ಇಳಸ್ರಿ ಕೈ, ಕಡೀಗಿ ಕೇಳ್ರಿ."

ಸಂದೇಶ ಬರೆದೆವು. ಅವರು ಚಷ್ಮಾ ಹಾಕಿರಲಿಲ್ಲ, ಅದಿಲ್ಲದೆ ಅವರಿಗೆ ಅಕ್ಷರ ಕಾಣದು. ಫೋನ್ ಮಾಡಿದೆ. ಸರ್ ಮುಂದೆ ಬಂದರು, ನನಗೆ ಹೋದ ಜೀವ ಬಂತು. "ಕ್ಲಾಸಿನ್ಯಾಗ ಯಾರಪಾ ಇದು" ಎಂದು ಕಟ್ ಮಾಡಿ ಮತ್ತೆ ಹೋಗಿ ಅಟ್ಟದ ಕೆಳಗೇ ನಿಂತರು.

ಬಾಳೆಗೊನೆ ಇಳಿಸುತ್ತಿದ್ದ ಅವ್ವ ಬಂದು ಇಣುಕಿದಳು.

"ಯವ್ವಾ, ಕಲ್ಲು ಬೀಳಾಕತ್ತದಲ್ಲಾ! ಒದರವಾ!"

"ಒದರಿದ್ರ ಕೇಳಂಗಿಲ್ಲಬೇ, ಸರ್ ನಮ್ಮ ಮೈಕ್ ಬಂದ್ ಮಾಡ್ಯಾರ."

"ಎಂಥಾ ಸಾಲಿನೋ ನಿಮ್ಮದು! ಮಾಸ್ತರ ಸಾಯಾಕತ್ತಿದ್ರೂ ಕೈ ಎತ್ತಿ ಪರ್ಮಿಷನ್ ಕೇಳ್ಬೇಕೇನು?"

ಅಷ್ಟರಲ್ಲಿ ನಮ್ಮ ಗ್ರೂಪಿನಲ್ಲಿ ಮೋಮಿನಪುರದ ಗೆಳೆಯನ ಸಂದೇಶ ಬಂತು: "ಸಬ್ ಲೆಫ್ಟ್ ಆಗ್ರಿ. ಕ್ಲಾಸ್ ಖಾಲಿ ಆದ್ರ ಸರ್ ಅಂಗಳಕ್ಕ ಬರ್ತಾರ."

ನಿಜ. ನಮ್ಮ ಮುಖಗಳು ಮಾಯವಾದರೆ ಸರ್ ತಮ್ಮ ನೆಟ್‌ವರ್ಕೇ ಹೋಯಿತೆಂದು ಫೋನ್ ಹಿಡಿದು ಅಂಗಳದ ಬೇವಿನ ಮರದ ಕೆಳಗೆ ಓಡುತ್ತಿದ್ದರು. ವಾರಕ್ಕೆರಡು ಸಲವಾದರೂ ಇದು ಇದ್ದದ್ದೇ. ಹುಡುಗರು ಒಬ್ಬೊಬ್ಬರೇ ಕಳಚಿಕೊಂಡರು. ಕಡೆಗೆ ನಾನೊಬ್ಬಳೇ ಉಳಿದೆ. ಹೊರಬಿದ್ದರೆ ಅವರೇನಾದರೆಂಬುದು ಕಾಣುವುದಿಲ್ಲ. ಕಣ್ಣು ತೆಗೆದರೆ ಕಲ್ಲು ಬೀಳುತ್ತದೆ ಎನ್ನಿಸಿತು, ನಾನು ನೋಡುತ್ತಿರುವುದರಿಂದಲೇ ಅದು ನಿಂತಿರುವ ಹಾಗೆ.

"ಒತ್ತವಾ!" ಅಂದಳು ಅವ್ವ.

ಹೊರಬೀಳುವ ಕೆಂಪು ಗುಂಡಿ ಒತ್ತಿದೆ. ತೆರೆ ಕಪ್ಪಾಯಿತು. ಅವ್ವ ಸೆರಗು ಬಾಯಿಗೆ ಹಿಡಿದು ಆ ಕಪ್ಪನ್ನೇ ನೋಡುತ್ತ ನಿಂತಳು.

ಎಷ್ಟೋ ಹೊತ್ತಿನ ಮೇಲೆ ಹೊಸ ಲಿಂಕ್ ಬಂತು, ಎಲ್ಲರೂ ಮತ್ತೆ ಸೇರಿದೆವು. ಬೇವಿನ ಎಲೆಗಳು, ಅವುಗಳ ಕೆಳಗೆ ಸರ್ ಗದ್ದ. "ಥೂ, ಈ ನೆಟ್‌ವರ್ಕಿಗಿ ಬೆಂಕಿ ಹಚ್ಚ! ಏನಂದೆ? ಹಾಂ, ಪರಸಿಗಿ ಏನೂ ಆಗಂಗಿಲ್ಲ—"

ಒಳಗೆ ಧಡಾರೆಂದಿತು. ಸರ್ ಕೈಯ ಫೋನ್ ಆ ಕಡೆ ತಿರುಗಿತು. ಬಾಗಿಲಿನಿಂದ ಧೂಳು ಬಂತು. ಧೂಳಿನ ಹಿಂದೆ ಹಿತ್ತಾಳೆ ಹಂಡೆ ಗಿರಗಿರ ಉರುಳುತ್ತ ಹೊಸ್ತಿಲು ದಾಟಿ ಬಂದು ಸರ್ ಕಾಲ ಬಳಿ ನಿಂತಿತು. ಸರ್ ಅದನ್ನು ನೋಡಿದರು. ಬಾಗಿಲು ನೋಡಿದರು. ಆಮೇಲೆ ಎಲ್ಲರ ಮೈಕ್ ತೆರೆದು ಮೆಲ್ಲಗೆ ಅಂದರು: "ಈಗ ಡೌಟ್ ಕೇಳ್ರಿ."



ನಮ್ಮ ಮನೆಯ ಮಾಳಿಗೆಯೂ ಪರಸಿಯದೇ. ಅಂದಿನಿಂದ ನನಗೆ ಅದರ ಕೆಳಗೆ ಕಣ್ಣು ಹತ್ತಲಿಲ್ಲ. ಹತ್ತಿದರೂ ಕನಸಿನಲ್ಲಿ ಬಿರುಕು ಉದ್ದವಾಗುತ್ತಿತ್ತು, ಸರ್ ಭುಜ ಕೊಡವಿಕೊಳ್ಳುತ್ತಿದ್ದರು, ನನ್ನ ಬೆರಳು ಕೆಂಪು ಗುಂಡಿಯ ಮೇಲೆ ಹಾಗೇ ನಿಂತಿರುತ್ತಿತ್ತು. "ಅವರ ಮನೀ ಕಲ್ಲು ನಿನ್ನ ಎದೀ ಮ್ಯಾಲ ಬಿದ್ದದ" ಎನ್ನುತ್ತಿದ್ದಳು ಅವ್ವ.

ಕಾಲೇಜು ತೆರೆದ ದಿನ ಮೊದಲ ಬಸ್ಸಿಗೇ ಕಲಬುರಗಿಗೆ ಹೋದೆ. ಸರ್ ತರಗತಿಗೆ ಬಂದಾಗ ನಾವೆಲ್ಲ ಅವರನ್ನು ಬಿಟ್ಟು ಮೇಲಿನ ಛತ್ತು ನೋಡುತ್ತಿದ್ದೆವು.

"ಏನ್ ನೋಡ್ತೀರಿ ಮ್ಯಾಲ? ಕಾಂಕ್ರೀಟ್ ಅದ. ಇದಕ್ಕ ಏನೂ—" ಎಂದವರು ಅಲ್ಲಿಗೇ ನಿಲ್ಲಿಸಿದರು. ತಾವೂ ಒಮ್ಮೆ ಮೇಲೆ ನೋಡಿದರು. ಮೇಜನ್ನು ಬಾಗಿಲ ತನಕ ದರದರ ಎಳೆದುಕೊಂಡು, ಒಂದು ಕಾಲು ಹೊಸ್ತಿಲ ಆಚೆ ಇಟ್ಟು ಪಾಠ ಶುರುಮಾಡಿದರು.

ಆ ರಾತ್ರಿ ನಮ್ಮ ಪರಸಿಯ ಕೆಳಗೇ ಮಲಗಿದ ನನಗೆ ಬೆಳಗಿನವರೆಗೂ ಎಚ್ಚರವಾಗಲಿಲ್ಲ.