ಟಿವಿಯಲ್ಲಿ ತೀರಿಕೊಂಡ ಅಪ್ಪ

ಗೆಳೆಯರೇ, ಈ ಪೋಸ್ಟ್ ಪೂರ್ತಿ ಓದಿ. ಮಧ್ಯಾಹ್ನ ಸಿಂಧನೂರಿನ ನಮ್ಮ ಓಣಿಯ ತುದಿಯಿಂದಲೇ ಹಾಡ್ಯಾಡಿ ಅಳುತ್ತ ಮಸ್ಕಿಯ ಸೋದರತ್ತೆ ಬಂದಳು. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ರೊಟ್ಟಿ, ಪುಂಡಿಸೊಪ್ಪಿನ ಪಲ್ಯದ ಬುತ್ತಿಯನ್ನೂ ತಂದಿದ್ದಳು.

ಬಸಿಯಲ್ಲಿ ಚಹಾ ಹಿಡಿದೇ ಹೊರಬಂದ ಅಪ್ಪ, "ಯಾಕಬೇ ಅಕ್ಕಾ, ಯಾರು ಹೋದ್ರು?" ಎಂದ.

ಅತ್ತೆ ಅಂಗಳದಲ್ಲೇ ಕುಸಿದು ಕೂತಳು. "ನೀನಽ ಹೋಗೀಯಂತಲ್ಲೋ ತಮ್ಮಾ! ಟಿವಿಯಾಗ ನಿನ್ನ ಫೋಟೊ ತೋರಸಾಕತ್ತಾರ!"

ಟಿವಿ ಹಚ್ಚಿದರೆ ಖರೇನೇ! ಲಿಂಗಸುಗೂರು ರಸ್ತೆಯ ಅಪಘಾತದಲ್ಲಿ ತೀರಿಕೊಂಡವನ ಹೆಸರೂ ನಮ್ಮಪ್ಪನ ಹಾಗೆ ಶರಣಪ್ಪ. ಫೋಟೊ ಮಾತ್ರ ನಮ್ಮಪ್ಪನದು. ಯುಗಾದಿಗೆ ನಾನು ಇಲ್ಲೇ ಹಾಕಿದ್ದ, ನೀವೆಲ್ಲ ಲೈಕ್ ಒತ್ತಿದ್ದ ಕಪ್ಪು ಕನ್ನಡಕದ ಫೋಟೊ! ಪಾಪ, ನಿಜವಾಗಿ ಸತ್ತವನ ಮುಖ ಎಲ್ಲೂ ಇಲ್ಲ.

ಚಾನೆಲ್ಲಿಗೆ ಫೋನ್ ಮಾಡಿ ಒದರಾಡಿದೆ. "ಪರಿಶೀಲಿಸ್ತೀವಿ ಸರ್" ಎಂದರು. ಸಂಜೆಯಾದರೂ ಅಪ್ಪ ಅಲ್ಲಿ ಸಾಯುತ್ತಲೇ ಇದ್ದಾನೆ.

ಅವ್ವ ಅಡುಗೆಗೆ ಎದ್ದಳು. ಅತ್ತೆ ಕೈ ಹಿಡಿದಳು. "ಟಿವಿಯವ್ರು ಆ ಫೋಟೊ ತಗಿಯೋತನಕ ಒಲಿ ಹಚ್ಚಬ್ಯಾಡ."

ಸದ್ಯಕ್ಕೆ ಅಪ್ಪ ತನ್ನ ಸಾವಿಗೆ ಬಂದ ರೊಟ್ಟಿಯನ್ನು ತಾನೇ ಉಣ್ಣುತ್ತಿದ್ದಾನೆ. ಪುಂಡಿಪಲ್ಯ ಭಾರಿ ಆಗಿದೆಯಂತೆ.