ಪಂಪ್‌ಹೌಸಿನ ವಿಡಿಯೊ

ನನ್ನ ತಮ್ಮ ಸೈನ್ಯ ಭರ್ತಿಯಲ್ಲಿ ಓಟ, ವೈದ್ಯಕೀಯ ಪರೀಕ್ಷೆ ಎಲ್ಲ ಪಾಸಾಗಿದ್ದ. ಪೊಲೀಸ್ ಪರಿಶೀಲನೆಯೊಂದೇ ಬಾಕಿಯಿತ್ತು. ಅಷ್ಟರಲ್ಲಿ ಚುನಾವಣೆ ಬಂತು. ಒಬ್ಬ ಅಭ್ಯರ್ಥಿಯ ಪ್ರಚಾರ ಹೊತ್ತಿದ್ದ ಸೋದರಮಾವ ಅವನನ್ನು ಎಳೆದುಕೊಂಡ.

ಬೀಜದ ಕಂಪನಿಯ ಕೆಲಸಕ್ಕೆ ನಾನು ನಾಲ್ಕು ತಾಲ್ಲೂಕು ತಿರುಗುತ್ತೇನೆ. ಕೇಳಿದ್ದನ್ನು ಊರು, ದಿನಾಂಕ ಹಾಕಿ ಬರೆದಿಡುವುದು ನನ್ನ ರೂಢಿ. ಆ ತಿಂಗಳು ನಮ್ಮ ಇಂಡಿಯಲ್ಲೂ ಸಿಂದಗಿಯಲ್ಲೂ ಜನ ಕಾಲುವೆಯ ತೂಬು ಮುರಿಯುವ ವಿಡಿಯೊ ತೋರಿಸಿ, ಮುದ್ದೇಬಿಹಾಳದವರು ನೀರುಗಳ್ಳರು ಎಂದು ಬೈಯುತ್ತಿದ್ದರು. ಮುದ್ದೇಬಿಹಾಳಕ್ಕೆ ಹೋದರೆ ಅದೇ ವಿಡಿಯೊ. ಅಲ್ಲಿ ಕಳ್ಳರು ಇಂಡಿಯವರು. ಹಾಕಿದ್ದು ಎರಡು ಬೇರೆ ಬೇರೆ ಪೇಜು. ವಿವರ ತೆರೆದು ನೋಡಿದೆ. ಎರಡನ್ನೂ ನಡೆಸುವವರು ಒಂದೇ ಪರದೇಶದಲ್ಲಿದ್ದರು.

ನಮ್ಮ ಕಡೆ ಓಡಾಡುತ್ತಿದ್ದ ಪೇಜನ್ನು ಇನ್ನೂ ಕೆಳಗೆ ಸರಿಸಿದಾಗ, ಬಸವನ ಬಾಗೇವಾಡಿ ಕಡೆ ಕಾಲುವೆಗೆ ನೀರೆತ್ತುವ ಪಂಪ್‌ಹೌಸಿನ ವಿಡಿಯೊ ಕಾಣಿಸಿತು. ಬಾಗಿಲು, ಒಳಗಿನ ಯಂತ್ರ, ಎಲ್ಲ ಇತ್ತು. ಕಾವಲುಗಾರ ಊಟಕ್ಕೆ ಹೋಗುವ ಹೊತ್ತು ಯಾವುದೆಂದು ಹೇಳುತ್ತಿದ್ದ ದನಿ ನನ್ನ ತಮ್ಮನದು. ಮನೆಗೆ ಬಂದು ಅವನನ್ನೇ ಕೇಳಿದೆ.

"ಪೇಜಿನವ್ರು ಕೇಳಿದ್ರು, ಕಳಿಸಿದೆ. ಮಾಮಾನೂ ಹೂಂ ಅಂದಿದ್ದ," ಎಂದ ಅವನು.

ನೇರ ಮಾವನ ಪ್ರಚಾರ ಕಚೇರಿಗೆ ಹೋದೆ.

"ಮಾಮಾ, ಇದು ಹೊರದೇಶದವ್ರು ನಡಸೂ ಪೇಜು."

ಮಾವ ಹಿಗ್ಗಿದ. "ನೋಡ್ರಲೇ! ನಮ್ಮ ನೀರಿನ ಸಂಕಟ ಹೊರದೇಶಕ್ಕೂ ಮುಟ್ಟೇತಿ!"

"ಅವ್ರೇ ಮುದ್ದೇಬಿಹಾಳದಾಗ ನಮ್ಮನ್ನ ಕಳ್ಳರು ಅನ್ನಾಕತ್ತಾರ."

"ಅಲ್ಲಿ ಓಟು ನಮಗೇನ್ ಬೀಳ್ತಾವೇನೋ, ಶಾಣ್ಯಾ?"

"ಪಂಪ್‌ಹೌಸಿನ ಕಾವಲು ಯಾವಾಗ ಇರೂದಿಲ್ಲಂತ ಅವ್ರಿಗೆ ಗೊತ್ತಾಗೇತಿ. ತಮ್ಮನ ಕೂಡ ಠಾಣೆಗೆ ಬರ್ರಿ. ನೀವ ಹೂಂ ಅಂದಿದ್ದಂತ ಹೇಳ್ರಿ."

"ಹುಚ್ಚ ಹಿಡದೈತೇನು? ಅಳಸಿ ಸುಮ್ಮ ಕುಂದ್ರ ಅನ್ನು ಅವಗ."

ಅಳಿಸುವುದು ತಮ್ಮನ ಕೈಯಲ್ಲಿರಲಿಲ್ಲ. ವಿಡಿಯೊ ಆಗಲೇ ಅವರದಾಗಿತ್ತು. ಮರುದಿನ ನಾವಿಬ್ಬರೇ ಠಾಣೆಗೆ ಹೋದೆವು. ಸಾಹೇಬರು ಎಲ್ಲ ಕೇಳಿ ತಮ್ಮನ ಮೊಬೈಲು ಇಟ್ಟುಕೊಂಡರು. "ತಾನಾಗೇ ಬಂದಾನಂತ ಬರೀತೇನಿ. ಮುಂದಿಂದು ನನ್ನ ಕೈಯಾಗಿಲ್ಲಪಾ," ಎಂದರು.

ಅಂದೇ ಸಂಜೆ ಮಾವ ವೇದಿಕೆ ಹತ್ತಿ, ದೇಶಕ್ಕಾಗಿ ಪ್ರಾಣ ಕೊಡುವ ಮಾತಾಡಿದ. ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪ್ರಾಣ ಕೊಡಲು ಹೊರಟವನು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

ಮಾವನ ಅಭ್ಯರ್ಥಿ ಗೆದ್ದ. ತಮ್ಮನ ಜೊತೆ ಓಡುತ್ತಿದ್ದ ಗೆಳೆಯರು ಟ್ರಂಕು ಹೊತ್ತು ತರಬೇತಿಗೆ ಹೋದರು. ಇವನ ಪರಿಶೀಲನೆ ಇನ್ನೂ ಮುಗಿದಿಲ್ಲ; ಕೇಳಿದಾಗಲೆಲ್ಲ "ವಿಚಾರಣೆ ನಡದೈತಿ" ಎಂಬುದೇ ಉತ್ತರ.

ಗೆದ್ದ ಖುಷಿಗೆ ಮಾವ ಪೇಢೆಯ ಡಬ್ಬಿ ಹಿಡಿದು ಬಂದ. ಅವ್ವ ಬಾಗಿಲಲ್ಲೇ ನಿಂತಿದ್ದಳು, ದಾರಿ ಬಿಡಲಿಲ್ಲ.

"ಇವನ ಆರ್ಡರ್ ಬಂದ ದಿನ ತಗೊಂಡ ಬಾ, ಅಣ್ಣಾ. ಅಲ್ಲಿತನಕ ಈ ಮನಿ ಹೊಸ್ತಿಲ ತುಳೀಬ್ಯಾಡ."